ಅಂಗಳದ ನೀರು, ಊರಿನ ಕೆರೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇಗುಲದ ಮುಂದೆ, ಒಂದು ಶಿಲಾಸ್ತಂಭವಿದೆ. ಮಯೂರಶರ್ಮನು ವಿದ್ಯೆಗಾಗಿ ಕಂಚಿಗೆ ಹೋದುದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾದುದು, ದರ್ಭೆ ಹಿಡಿದ ಕೈ ಖಡ್ಗ ಹಿಡಿದುದು, ಎಲ್ಲವನ್ನೂ ನಾವು ಅರಿತದ್ದು ಅದರಿಂದಲೇ. ಆದರೆ ಈ ಶಾಸನ ಹುಟ್ಟಿದ್ದು ಯುದ್ಧದ ನೆನಪಿಗಲ್ಲ, ಒಂದು ಕೆರೆಯ ನೆನಪಿಗೆ. ಕದಂಬ ಕಾಕುತ್ಸ್ಥವರ್ಮನು ದೇಗುಲದ ಸನ್ನಿಧಿಯಲ್ಲಿ ತಟಾಕವೊಂದನ್ನು ಕಟ್ಟಿಸಿದನು. ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದ ನಡುಭಾಗದಲ್ಲಿ, ಕುಬ್ಜನೆಂಬ ಕವಿ ಅದನ್ನು ಸಂಸ್ಕೃತ ಪದ್ಯಗಳಲ್ಲಿ ಹಾಡಿ, ತಾನೇ ಕಲ್ಲಿನ ಮೇಲೆ ಬರೆದನು.

ಮಳೆಯ ನಾಡಿಗೆ ಕೆರೆಯೇಕೆ ಎಂದು ಕೇಳಬಹುದು. ಇಲ್ಲಿ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳನ್ನು ಸಂಗ್ರಹದಿಂದಲೇ ಕಳೆಯಬೇಕು. ಅದಕ್ಕೆಂದೇ ಸೊರಬ, ಶಿಕಾರಿಪುರಗಳ ಹಿರಿಯರು ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿದರು, ತೂಬು, ಕೋಡಿಗಳನ್ನಿಟ್ಟರು, ಮೇಲಿನ ಕೆರೆಯ ಕೋಡಿನೀರು ಕೆಳಗಿನ ಕೆರೆಗೆ ಸೇರುವಂತೆ ಮಾಡಿದರು.

ಕೆರೆಗೆ ಬರುವ ನೀರು ಗುಡ್ಡದಿಂದ ಮಾತ್ರವಲ್ಲ, ನಮ್ಮ ಅಂಗಳಗಳಿಂದಲೂ ಹರಿದು ಬರುತ್ತದೆ. ನೂರು ಚದರ ಮೀಟರಿನ ಚಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು 5,000 ಲೀಟರ್ ನೀರು. ಹಂಚಿನ ಮನೆಯ ಸೂರುನೀರು ಬಾಳೆಯ ಬುಡದಲ್ಲಿಯೋ ಹಿತ್ತಿಲ ಮಣ್ಣಿನಲ್ಲಿಯೋ ಇಂಗುತ್ತಿದ್ದಾಗ ಈ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಅಂಗಳಕ್ಕೆ ಸಿಮೆಂಟು ಬಳಿದ ಮೇಲೆ ಆ ನೀರು ಒಮ್ಮೆಗೇ ಬೀದಿಗೆ ನುಗ್ಗುತ್ತದೆ; ದಾರಿಯ ಮಣ್ಣನ್ನೆಲ್ಲ ಕೊಚ್ಚಿ ಕೆರೆಗೆ ಒಯ್ಯುತ್ತದೆ. ಕೆರೆ ಹೂಳುತ್ತದೆ, ಬೇಸಗೆಯಲ್ಲಿ ಮನೆಯ ಬಾವಿಯೂ ಬತ್ತುತ್ತದೆ.

ಅಂಗಳದಲ್ಲೇ ನೀರು ತಡೆದರೆ ಕೆರೆಗೇನು ಉಳಿದೀತು ಎಂಬ ಸಂದೇಹ ಸಹಜವೇ. ಇಂಗಿದ ನೀರು ಅಂತರ್ಜಲವಾಗುತ್ತದೆ. ಅದರಲ್ಲೊಂದು ಪಾಲು ಒರತೆಯಾಗಿ ತಗ್ಗಿನ ಕಡೆಗೆ ಮೆಲ್ಲನೆ ಜಿನುಗುತ್ತದೆ. ನೆಲಕ್ಕೆ ತುಂಬಿ ಮಿಕ್ಕ ನೀರು ಹೇಗೂ ಹರಿಯುತ್ತದೆ, ಆದರೆ ತಿಳಿಯಾಗಿ ಹರಿಯುತ್ತದೆ. ಕೆರೆಗೆ ಬೇಕಾದದ್ದು ನೀರು, ಮಣ್ಣಲ್ಲ.

ಮಾಡಬೇಕಾದದ್ದು ಅಲ್ಪ. ಅಂಗಳದ ಒಂದು ಭಾಗವನ್ನಾದರೂ ಮಣ್ಣಾಗಿಯೇ ಬಿಡುವುದು. ಇಳಿಜಾರಿಗೆ ಅಡ್ಡಲಾಗಿ ಗಿಡಗಳ ಸಾಲು ಬೆಳೆಸುವುದು. ಸೂರುನೀರನ್ನು ತಳಪಾಯದಿಂದಲೂ ಶೌಚದ ಗುಂಡಿಯಿಂದಲೂ ದೂರದಲ್ಲಿ, ಜಲ್ಲಿ ತುಂಬಿದ ಇಂಗುಗುಂಡಿಗೆ ತಿರುಗಿಸುವುದು. ಮಳೆಗಾಲಕ್ಕೆ ಮುನ್ನ ಅದರ ಹೂಳು ತೆಗೆಯುವುದು.

ಕೆರೆ ಕಟ್ಟಿಸಲು ಅರಸನೇ ಬೇಕಾಯಿತು. ಅದನ್ನು ಹಾಡಲು ಕವಿಯೂ ಬೇಕಾದನು. ಹಿತ್ತಿಲಿನ ಗುಂಡಿಗೆ ಶಾಸನ ಬರೆಯುವವರಿಲ್ಲ. ಆದರೂ ಅರಸನ ಕೆರೆ ಉಳಿಯುವುದು ಗೃಹಸ್ಥನ ಅಂಗಳದಿಂದಲೇ.