ಹಾಲು ಮಾರಾಟದ ತಪಾಸಣೆ, ಭಾರತದಲ್ಲಿ

1860ರ ಭಾರತೀಯ ದಂಡಸಂಹಿತೆಯ 272 ಮತ್ತು 273ನೇ ಕಲಂಗಳು ಆಹಾರದ ಕಲಬೆರಕೆಯನ್ನು ಅಪರಾಧವೆಂದವು. ಆದರೆ ಬೆರಕೆಯಾದ ಪದಾರ್ಥ ಆರೋಗ್ಯಕ್ಕೆ ಹಾನಿಕರವೆಂದು ತೋರಿಸಬೇಕಿತ್ತು. ಶುದ್ಧ ನೀರು ಬೆರೆತ ಹಾಲು ತೆಳುವಾದೀತೇ ಹೊರತು ವಿಷವಾಗದು. ಹಾಲಿನ ಅತಿ ಸಾಮಾನ್ಯ ಮೋಸಕ್ಕೇ ಈ ಕಲಂಗಳು ಸಾಲದಾದವು. ಪ್ರಾಂತಗಳು ತಂತಮ್ಮ ಕಾಯ್ದೆ ಮಾಡಿಕೊಂಡವು (ಮದ್ರಾಸ್ 1918, ಬಂಗಾಳ 1919).

1955ರ ಜೂನ್ 1ರಂದು ಜಾರಿಗೆ ಬಂದ 1954ರ ಆಹಾರ ಕಲಬೆರಕೆ ತಡೆ ಕಾಯ್ದೆ ಪ್ರಾಂತಗಳ ಕಾಯ್ದೆಗಳ ಬದಲು ಕೇಂದ್ರದ ಮಾನದಂಡಗಳನ್ನು ತಂದಿತು. ಆಹಾರ ನಿರೀಕ್ಷಕರು ದುಡ್ಡು ಕೊಟ್ಟು ಹಾಲು ಕೊಂಡು, ಮೂರು ಪಾಲು ಮಾಡಿ, ಕೆಡದಂತೆ ಫಾರ್ಮಲಿನ್ ಹಾಕಿ ಮೊಹರು ಒತ್ತುತ್ತಿದ್ದರು. ಒಂದು ಪಾಲು ಸಾರ್ವಜನಿಕ ವಿಶ್ಲೇಷಕರಿಗೆ ಹೋಗುತ್ತಿತ್ತು. ಅವರ ವರದಿಯನ್ನು ಒಪ್ಪದ ಆರೋಪಿ ಇನ್ನೊಂದು ಪಾಲನ್ನು ಕೇಂದ್ರ ಆಹಾರ ಪ್ರಯೋಗಾಲಯಕ್ಕೆ ಕಳಿಸಲು ನ್ಯಾಯಾಲಯವನ್ನು ಕೋರಬಹುದಿತ್ತು. ಅಂಥ ಪ್ರಯೋಗಾಲಯಗಳಲ್ಲೊಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿತ್ತು. ಹಾನಿಯನ್ನಾಗಲಿ ದುರುದ್ದೇಶವನ್ನಾಗಲಿ ಇನ್ನು ಸಾಬೀತುಪಡಿಸಬೇಕಿರಲಿಲ್ಲ, ಹಾಲು ಮಾನದಂಡಕ್ಕಿಂತ ತೆಳುವಾಗಿದ್ದರೆ ಸಾಕು. ಯಾವ ಹಾಲೆಂದು ಹೇಳದೆ ಮಾರಿದರೆ ಎಮ್ಮೆ ಹಾಲಿನ ಅಳತೆಯೇ ಅನ್ವಯ. ಹಾಗಾಗಿ ಹನಿ ನೀರು ಬೆರೆಸದ ಹಸುವಿನ ಹಾಲಿನವನೂ ಸುಮ್ಮನಿದ್ದರೆ ಸಿಕ್ಕಿಬೀಳಬಹುದಿತ್ತು.

ಬೀದಿಯಲ್ಲಿ ನಂಬಿದ್ದ, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಅರ್ಧ ಸಾಕ್ಷಿ ಮಾತ್ರ. ನೀರು ಸಾಂದ್ರತೆಯನ್ನು ಇಳಿಸುತ್ತದೆ, ಕೆನೆ ತೆಗೆದರೆ ಅದು ಏರುತ್ತದೆ. ಎರಡನ್ನೂ ಹದವಾಗಿ ಮಾಡಿದರೆ ಲ್ಯಾಕ್ಟೋಮೀಟರ್ ಸರಿಯಾದ ಗೆರೆಯವರೆಗೇ ಮುಳುಗಿ ನಿಲ್ಲುತ್ತದೆ.

2011ರ ಆಗಸ್ಟ್ 5ರಿಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಹಳೆಯದರ ಜಾಗಕ್ಕೆ ಬಂತು. ಮಾದರಿಯ ಪಾಲು ನಾಲ್ಕಾಯಿತು. ಕಳಪೆ ಆಹಾರಕ್ಕೆ 5 ಲಕ್ಷ ರೂಪಾಯಿವರೆಗಿನ ದಂಡ ಬಂತು. ಜೈಲು ಮುಖ್ಯವಾಗಿ ಅಸುರಕ್ಷಿತ ಆಹಾರಕ್ಕೆ ಉಳಿಯಿತು.

ಹೆಚ್ಚು ಗೊಂದಲ ಎಬ್ಬಿಸಿದ್ದು ಎರಡು ರಾಷ್ಟ್ರೀಯ ಸಮೀಕ್ಷೆಗಳು. 2011ರಲ್ಲಿ ತೆಗೆದ 1,791 ಮಾದರಿಗಳಲ್ಲಿ ಶೇ 68ರಷ್ಟು ಮಾನದಂಡ ಮುಟ್ಟಲಿಲ್ಲ. ಇದು ‘ಮೂರರಲ್ಲಿ ಎರಡು ಪಾಲು ಹಾಲು ಕಲಬೆರಕೆ’ ಎಂದು ಪ್ರಚಾರವಾಯಿತು. 2018ರ 6,432 ಮಾದರಿಗಳಲ್ಲಿ ಕಲಬೆರಕೆಯೆಂದು ಗುರುತಿಸಿದ್ದು ಬರೀ 12. ಅಷ್ಟರಲ್ಲಿ ದೇಶದ ಹಾಲು ಶುದ್ಧವಾಗಿಬಿಟ್ಟಿತೆಂದಲ್ಲ, ಎಣಿಸಿದ ವಸ್ತುವೇ ಬೇರೆ. ಮೊದಲನೆಯದು ಕೊಬ್ಬು ಮತ್ತು ಕೊಬ್ಬಿನೇತರ ಘನಾಂಶದ ಕೊರತೆಯನ್ನೂ ಲೆಕ್ಕಕ್ಕೆ ಹಿಡಿದಿತ್ತು. ಎರಡನೆಯದು ಸುರಕ್ಷತೆಯನ್ನು ಗುಣಮಟ್ಟದಿಂದ ಬಿಡಿಸಿ ನೋಡಿತು. ಅದರಲ್ಲೂ ಸುಮಾರು ಶೇ 41ರಷ್ಟು ಮಾದರಿಗಳು ಸುರಕ್ಷಿತವಾಗಿದ್ದರೂ ಗುಣಮಟ್ಟದಲ್ಲಿ ಎಲ್ಲೋ ಒಂದು ಕಡೆ ಸೋತಿದ್ದವು. ಹೊಸದಾಗಿ ಕಣ್ಣಿಗೆ ಬಿದ್ದದ್ದು ಶೇ 5.7 ಮಾದರಿಗಳಲ್ಲಿ ಮಿತಿ ಮೀರಿದ ಅಫ್ಲಾಟಾಕ್ಸಿನ್ ಎಂ1. ಬೂಸ್ಟು ಹಿಡಿದ ಮೇವು, ಹಿಂಡಿಯಿಂದ ಹಾಲಿಗಿಳಿಯುವ ಈ ವಿಷವನ್ನು ಕುದಿಸಿ ಕಳೆಯಲಾಗದು. ಮಾರುವವನ ಕ್ಯಾನಿನಲ್ಲಿ ಅದು ಪತ್ತೆಯಾದರೂ ತಡೆಯಬೇಕಾದದ್ದು ಕೊಟ್ಟಿಗೆಯಲ್ಲಿ.