ಕೊಬ್ಬಿನ ಇಳಿಕೆ
ದೇಹದಲ್ಲಿ ಶೇಖರವಾದ ಕೊಬ್ಬನ್ನು, ಸ್ನಾಯುಗಳಿಗೆ ಆದಷ್ಟು ನಷ್ಟವಾಗದಂತೆ, ನಿಧಾನವಾಗಿ ಕಡಿಮೆ ಮಾಡುವ ಕ್ರಮ. ತೂಕ ಇಳಿಯುವುದೂ ಕೊಬ್ಬು ಇಳಿಯುವುದೂ ಒಂದೇ ಅಲ್ಲ. ಊಟ ಬಿಟ್ಟ ಮೊದಲ ವಾರ ಕಾಣುವ ಇಳಿಕೆಯಲ್ಲಿ ಹೆಚ್ಚಿನ ಪಾಲು ಗ್ಲೈಕೋಜನ್ (ದೇಹ ಕೂಡಿಟ್ಟುಕೊಂಡ ಸಕ್ಕರೆಯ ರೂಪ) ಮತ್ತು ಅದು ಹಿಡಿದಿಟ್ಟುಕೊಂಡಿದ್ದ ನೀರಿನದು.

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಶಕ್ತಿಯಿದೆ. ದಿನಕ್ಕೆ 500 ಕಿಲೋಕ್ಯಾಲರಿ ಕಡಿತ ಮಾಡಿದರೆ ಆರಂಭದಲ್ಲಿ ವಾರಕ್ಕೆ ಅರ್ಧ ಕಿಲೋದ ಆಸುಪಾಸು ಇಳಿಯುತ್ತದೆ; ದೇಹ ಹಗುರಾದಂತೆ ಅದರ ಖರ್ಚೂ ತಗ್ಗುವುದರಿಂದ ವೇಗ ಕುಂದುತ್ತದೆ. ಇದು ಸೋಲಲ್ಲ, ಸಹಜ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಸಾಮಾನ್ಯವಾಗಿ ಒಪ್ಪಿತವಾದ ವೇಗ. ಅವಸರಪಟ್ಟರೆ ಸ್ನಾಯು ಸವೆಯುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸಲೆಂದು ಮಾರಾಟವಾದ ಡೈನೈಟ್ರೋಫೀನಾಲ್ ಎಂಬ ಔಷಧ ದೇಹದ ಕಾವನ್ನು ಮಿತಿಮೀರಿ ಏರಿಸಿ ಜೀವಗಳನ್ನೇ ಬಲಿ ತೆಗೆದುಕೊಂಡಿತು. ಅಂಥ ಮಾತ್ರೆಗಳ ಆಸೆ ಇಂದಿಗೂ ಹೋಗಿಲ್ಲದಿರುವುದು ಕಳವಳದ ಸಂಗತಿ.

ಕರಗಿದ ಕೊಬ್ಬು ಬೆವರಾಗಿ ಹರಿದುಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ಅದರ ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಬೀಳುತ್ತದೆ.

ಭಾರತೀಯರಲ್ಲಿ ತೆಳ್ಳಗೆ ಕಂಡವರ ಹೊಟ್ಟೆಯೊಳಗೂ ಕೊಬ್ಬು ಸೇರಿರುವುದುಂಟು. ಹಾಗಾಗಿ ಸೊಂಟದ ಸುತ್ತಳತೆಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಎಂಬ ಬಿಗಿಯಾದ ಮಿತಿ ಇಲ್ಲಿ ಬಳಕೆಯಲ್ಲಿದೆ. ನಮ್ಮ ತಟ್ಟೆಯಲ್ಲಿ ಅನ್ನವೋ ಮುದ್ದೆಯೋ ದೊಡ್ಡದು, ಬೇಳೆ ತೆಳು ಸಾರಿನಲ್ಲಷ್ಟೇ. ಆ ಪ್ರಮಾಣ ತಿರುಗಿಸಿ ಹುರುಳಿ, ಮೊಳಕೆಕಾಳು, ಮೊಸರು, ಮೊಟ್ಟೆ, ಸೊಪ್ಪು ಹೆಚ್ಚಿಸಿದರೆ ಹಸಿವೂ ಹತೋಟಿಗೆ ಬರುತ್ತದೆ. ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಸ್ನಾಯುವನ್ನು ಕಾಯುತ್ತದೆ. ಗರ್ಭಿಣಿಯರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು.