ಹೊಟ್ಟೆಯ ಸಂಕಟ, ಮನದ ದುಗುಡ: ಎರಡಕ್ಕೂ ಒಂದೇ ಸೂಜಿ

1971ರ ಜುಲೈ ತಿಂಗಳು. ಬೀಜಿಂಗ್‌ಗೆ ಹೋಗಿದ್ದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರಿಗೆ ಅಲ್ಲಿಯೇ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಬಳಿಕ ಹೊಟ್ಟೆ ಉಬ್ಬರಿಸಿ ವಿಪರೀತ ಸಂಕಟ. ಆಸ್ಪತ್ರೆಯ ವೈದ್ಯರು ಅವರ ಬಲ ಮೊಣಕೈಗೂ ಮಂಡಿಗಳ ಕೆಳಗೂ ತೆಳುವಾದ ಸೂಜಿ ಚುಚ್ಚಿ, ಮಾಚಿಪತ್ರೆ ಜಾತಿಯ ಒಣಮೂಲಿಕೆ ಸುಟ್ಟು ಹೊಟ್ಟೆಗೆ ಶಾಖ ಕೊಟ್ಟರು. ಒಂದು ಗಂಟೆಯೊಳಗೆ ಉಬ್ಬರ ಇಳಿಯಿತೆಂದು ರೆಸ್ಟನ್ ಬರೆದರು. ಅಮೆರಿಕದ ಜನಸಾಮಾನ್ಯರಿಗೆ ಅಕ್ಯುಪಂಕ್ಚರ್ ಪರಿಚಯವಾದದ್ದು ಬಹುಮಟ್ಟಿಗೆ ಈ ವರದಿಯಿಂದ. ಶಸ್ತ್ರಚಿಕಿತ್ಸೆಯೇ ಸೂಜಿಯ ಅರಿವಳಿಕೆಯಿಂದ ನಡೆಯಿತೆಂಬ ಕತೆಯೂ ಹಬ್ಬಿತು. ಅದು ನಿಜವಲ್ಲ, ಅದಕ್ಕೆ ಬಳಸಿದ್ದು ಮಾಮೂಲಿ ಔಷಧವನ್ನೇ.

ಆದರೆ ಚೀನೀಯರ ಪಾಲಿಗೆ ಸೂಜಿ ಹೊಟ್ಟೆಗಷ್ಟೇ ಮೀಸಲಾಗಿರಲಿಲ್ಲ. ಹೊಟ್ಟೆ ಬೇರೆ, ಮನಸ್ಸು ಬೇರೆ ಎಂಬ ಎಣಿಕೆಯೇ ಅವರ ಪ್ರಾಚೀನ ವೈದ್ಯದಲ್ಲಿಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸಂಕಲಿತವಾದ ‘ಹುವಾಂಗ್‌ಡಿ ನೈಜಿಂಗ್’ ಗ್ರಂಥ ಒಂದೊಂದು ಅಂಗಕ್ಕೂ ಒಂದೊಂದು ಭಾವವನ್ನು ಹೊಂದಿಸುತ್ತದೆ. ಸಿಟ್ಟು ಯಕೃತ್ತಿನದು, ಚಿಂತೆ, ಜೀರ್ಣಕ್ರಿಯೆಯನ್ನು ನಡೆಸುವ ಗುಲ್ಮದ್ದು. ಸಿಟ್ಟನ್ನು ನುಂಗಿಕೊಂಡರೆ ‘ಚೀ’ ಎಂಬ ಪ್ರಾಣಶಕ್ತಿಯ ಹರಿವು ಕಟ್ಟಿಕೊಳ್ಳುತ್ತದೆ, ಯಕೃತ್ತು ಗುಲ್ಮವನ್ನು ಅದುಮುತ್ತದೆ. ಆಗ ಹಸಿವಿಲ್ಲ, ಹೊಟ್ಟೆ ಭಾರ, ಯಾವುದರಲ್ಲೂ ಉತ್ಸಾಹವಿಲ್ಲ. ಇದಕ್ಕೆ ಚುಚ್ಚುವ ಮುಖ್ಯ ಬಿಂದುಗಳಲ್ಲಿ ಒಂದು ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗಿನ ‘ಜುಸಾನ್‌ಲಿ’. ಇನ್ನೊಂದು ಪಾದದ ಹೆಬ್ಬೆರಳಿನ ಬುಡದ ಬಳಿಯ ‘ತಾಯ್‌ಚೊಂಗ್’.

ನಮಗೂ ಇದು ತೀರ ಹೊಸದೇನಲ್ಲ. ಅಸೂಯೆಯನ್ನು ಹೊಟ್ಟೆಕಿಚ್ಚು ಎನ್ನುವವರು, ದುಃಖಕ್ಕೆ ಕರುಳು ಕಿತ್ತು ಬಂತು ಎನ್ನುವವರು ನಾವು.

ಈ ವಿದ್ಯೆ ಏಳುಬೀಳುಗಳನ್ನೂ ಕಂಡಿದೆ. 1822ರಲ್ಲಿ ಚೀನೀ ಸಾಮ್ರಾಟ ಅರಮನೆಯ ವೈದ್ಯಶಾಲೆಯಿಂದ ಸೂಜಿ ಚಿಕಿತ್ಸೆಯನ್ನು ಹೊರಗಟ್ಟಿದ. 1949ರ ನಂತರ ಕಮ್ಯುನಿಸ್ಟ್ ಸರ್ಕಾರ ಅದಕ್ಕೆ ಮತ್ತೆ ಮನ್ನಣೆ ನೀಡಿತು. ಆದರೆ ಅದೇ ಆಳ್ವಿಕೆಯಲ್ಲಿ, ವಿಶೇಷವಾಗಿ 1966ರಿಂದ 76ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, ‘ನನಗೆ ಬದುಕೇ ಬೇಸರವಾಗಿದೆ’ ಎನ್ನುವುದು ಅಪಾಯಕಾರಿಯಾಗಿತ್ತು. ಬೇಸರವನ್ನು ರಾಜಕೀಯ ಅಪರಾಧವೆಂದು ಭಾವಿಸುವ ಸಾಧ್ಯತೆಯಿತ್ತು. ತಲೆನೋವು, ನಿದ್ರಾಹೀನತೆ, ನಿಶ್ಶಕ್ತಿ ಎಂದರೆ ಯಾರ ಅಡ್ಡಿಯೂ ಇರಲಿಲ್ಲ.

ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1980ರಲ್ಲಿ ಚಾಂಗ್‌ಶಾ ನಗರದ ಹುನಾನ್ ವೈದ್ಯಕೀಯ ಕಾಲೇಜಿನಲ್ಲಿ ‘ನರದೌರ್ಬಲ್ಯ’ದ 100 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 87 ಮಂದಿಗೆ ಇದ್ದದ್ದು ತೀವ್ರ ಖಿನ್ನತೆ. ಆದರೆ ಹೆಚ್ಚಿನವರು ವೈದ್ಯರ ಮುಂದೆ ಇಟ್ಟದ್ದು ದೇಹದ ದೂರುಗಳನ್ನೇ. ಹೇಳಲಾಗದ ನೋವನ್ನು ದೇಹ ಹೇಳುತ್ತಿತ್ತು.

ಹಾಗಾದರೆ ಸೂಜಿಯಿಂದ ಖಿನ್ನತೆ ಗುಣವಾಗುತ್ತದೆಯೇ? 2018ರಲ್ಲಿ ಕೊಕ್ರೇನ್ ಸಂಸ್ಥೆ 7,104 ಜನರನ್ನು ಒಳಗೊಂಡ 64 ಅಧ್ಯಯನಗಳನ್ನು ಒರೆಗೆ ಹಚ್ಚಿತು. ಏನೂ ಚಿಕಿತ್ಸೆ ಪಡೆಯದವರಿಗಿಂತ ಸೂಜಿ ಚುಚ್ಚಿಸಿಕೊಂಡವರ ಖಿನ್ನತೆ ಒಂದಿಷ್ಟು ತಗ್ಗಿರಬಹುದು. ಆದರೆ ಸಾಕ್ಷ್ಯ ದುರ್ಬಲ ಎಂಬುದು ಅದರ ತೀರ್ಮಾನ. ‘ಚೀ’ ಹರಿಯುವ ನಾಳಗಳೂ ಶರೀರಶಾಸ್ತ್ರಕ್ಕೆ ಸಿಕ್ಕಿಲ್ಲ. ಆದ್ದರಿಂದ ಸೂಜಿಯನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸುವುದು ಅಪಾಯ.

ಹಳಬರ ಒಂದು ಗ್ರಹಿಕೆ ಮಾತ್ರ ಉಳಿದಿದೆ. ಕರುಳಿಗೂ ಮಿದುಳಿಗೂ ನರಗಳ ನೇರ ಸಂಪರ್ಕವಿದೆ, ದೇಹದ ಸಿರೊಟೋನಿನ್‌ನಲ್ಲಿ ಶೇ 90ಕ್ಕೂ ಹೆಚ್ಚು ಭಾಗ ತಯಾರಾಗುವುದು ಕರುಳಿನಲ್ಲಿ ಎಂಬುದನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ‘ಊಟ ಸೇರುತ್ತಿಲ್ಲ’ ಎನ್ನುತ್ತಿದ್ದು, ಪರೀಕ್ಷೆಗಳಲ್ಲಿ ಏನೂ ಕಾಣದಿದ್ದರೆ, ‘ಮನಸ್ಸಿಗೇನಾದರೂ ಬೇಸರವೇ?’ ಎಂದು ಒಮ್ಮೆ ಕೇಳಿ ನೋಡುವುದು ಒಳ್ಳೆಯದು.